ಓದಿದ ಮನಿತನ

ನನ್ನ ತಮ್ಮನಿಗೆ ಪುಸ್ತಕ ಎಂಬ ವಸ್ತು ನೆನಪಾದದ್ದು ಮಗಳ ಮದುವೆಯ ಮಾತು ಬಂದಾಗ. ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ ಅವನದು. ಪೇಟೆಯ ಧಾರಣೆ ಬಿಟ್ಟರೆ ಬೇರೇನೂ ಓದಿದವನಲ್ಲ. ಕಳೆದ ವರ್ಷ ಒಂದು ದಿನ ಫೋನ್ ಮಾಡಿದ. "ಅಕ್ಕಾ, ಧಾರವಾಡದ್ದೊಂದು ಮನಿತನ ಬಂದೈತಿ. ಹುಡುಗನ ಅಪ್ಪಾರು ಕಾಲೇಜಿನ್ಯಾಗ ಕಲಿಸಿದವ್ರು. ಹುಡುಗಿಗೆ ಸಾಹಿತ್ಯದ ಅಭಿರುಚಿ ಇರಬೇಕಂತ. ನೀ ಬಂದು ಇಕಿಗೆ ನಾಕು ಹಳೀ ಕಾದಂಬರಿ ಬಾಯಿಪಾಠ ಮಾಡಿಸು."

ನನ್ನ ಸಿಟ್ಟು ಅಲ್ಲಿಂದಲೇ ಶುರು. ಬೇರೆ ಊರಿನವರು ಕನ್ಯಾ ನೋಡಲು ಬಂದರೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳುತ್ತಾರೆ. ನಮ್ಮ ಧಾರವಾಡದವರು ಏನು ಓದುತ್ತೀ ಎಂದು ಕೇಳುತ್ತಾರೆ, ಕೇಳಿದ್ದಕ್ಕೇ ತಾವು ದೊಡ್ಡವರಾದೆವು ಅಂದುಕೊಳ್ಳುತ್ತಾರೆ. ಹುಡುಗ ಏನು ಓದುತ್ತಾನೆ ಎಂದು ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ಆದರೂ ಹೋದೆ. ಬ್ಯಾಂಕಿನ ನೌಕರಿಯ ಜೊತೆಗೇ ಮನೆತುಂಬ ಕಾದಂಬರಿ ಕೂಡಿಸಿಟ್ಟವಳು ನಾನು. ಈ ಮನೆತನದಲ್ಲಿ ಓದುವವಳು ಅಂತ ಇರುವವಳು ನಾನೊಬ್ಬಳೇ.

ತಪ್ಪಾಯಿತು, ಇನ್ನೊಬ್ಬಳೂ ಇದ್ದಾಳೆ. ಈ ಮದುವೆಯ ಹುಡುಗಿಯೇ. ಸಾಲಿಯಲ್ಲಿ ಗಣಿತ ಕಲಿಸುವ ನನ್ನ ಸೋದರ ಸೊಸೆ ಫೋನಿನಲ್ಲಿ ಹಗಲೂ ರಾತ್ರಿ ಪ್ರೇಮ ಕಾದಂಬರಿ ಓದುತ್ತಾಳೆ. ಬಾಯಿಪಾಠಕ್ಕೆ ಮೊದಲು ಇವಳು ಓದುವುದೇನೆಂದು ನೋಡೋಣ ಎಂದು ನಾನೂ ಐದಾರು ಓದಿದೆ. ಮೈ ಉರಿದುಹೋಯಿತು. ಎಲ್ಲ ಕಾದಂಬರಿಯಲ್ಲೂ ಒಬ್ಬನೇ ನಾಯಕ: ಆರಡಿ ಎತ್ತರ, ಸ್ವಂತ ಕಂಪನಿ, ಮೂಗಿನ ತುದಿಯಲ್ಲಿ ಸಿಟ್ಟು. ಅವನು ಕಂಪನಿಯಲ್ಲಿ ಏನು ತಯಾರಿಸುತ್ತಾನೆ ಎಂದು ಯಾರಿಗೂ ಗೊತ್ತಿಲ್ಲ. ನಾಯಕಿಯ ಕೈಹಿಡಿದು ಎಳೆಯುತ್ತಾನೆ, ಬಳೆ ಒಡೆದು ರಕ್ತ ಬರುತ್ತದೆ, ಬರೆದವರು ಅದನ್ನು ಪ್ರೀತಿ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಯಾವನಾದರೂ ಹಾಗೆ ಮಾಡಿದ್ದರೆ ಹೆಂಗಸರೇ ಸೇರಿ ಚಪ್ಪಲಿ ಕೈಗೆ ತಗೊಳ್ಳುತ್ತಿದ್ದರು. ಇನ್ನು ಕನ್ನಡವೋ, ಅನ್ನ ಸೀದರೂ ಇಳಿಸುವವರಿಲ್ಲದ ಮನೆಯ ಹಾಗೆ.

"ಇಂಥಾ ಹೊಲಸು ಹೆಂಗ ಓದ್ತಿಯೇ?" ಎಂದೆ.

ಅವಳು ನಕ್ಕಳು. "ಬಳಿ ಒಡಿಯೋದು ಬಂದ್ರ ನಾ ಆ ಪಾನು ಓದದ ಮುಂದ ಹಾಕ್ತೇನತ್ತಿ. ನಾ ಓದೋದು ಬ್ಯಾರೇದು. ಆಕಿ ಕೆಲಸಾ ಮುಗಿಸಿ ಬಂದು ಕುಂತಿರ್ತಾಳ. ಅವಾ ಬಂದು, ಉಂಡಿ ಏನು ಅಂತ ಕೇಳ್ತಾನ. ಕೇಳಿ, ತಾನ ತಾಟು ಹಾಕ್ತಾನ. ನಿನ್ನ ದೊಡ್ಡ ದೊಡ್ಡ ಕಾದಂಬರಿಯೊಳಗ ಯಾರರ ಹಂಗ ಕೇಳ್ಯಾರೇನು?"

ಕೇಳಿರುತ್ತಾರೆ, ಸುಮ್ಮನೆ ಮಾತಾಡಬೇಡ ಎಂದು ಗದರಿದೆ. ಮನೆಗೆ ಬಂದು ಕಪಾಟಿನ ಮುಂದೆ ಕೂತೆ. ನಾನು ಎದೆಗವಚಿಕೊಂಡು ಬೆಳೆದ ಪುಸ್ತಕಗಳವು. ಬಾವಿಗೆ ಬಿದ್ದವರು ಸಿಕ್ಕರು, ಗಂಡನ ಪಾಪಕ್ಕೆ ಉಪವಾಸ ಮಾಡಿದವರು ಸಿಕ್ಕರು, ಬಾಣಂತನದಲ್ಲಿ ಸತ್ತು ಗಂಡನಿಗೆ ಜ್ಞಾನೋದಯ ಮಾಡಿಸಿದವರು ಸಾಲುಸಾಲಾಗಿ ಸಿಕ್ಕರು. ಉಂಡೆಯಾ ಎಂದು ಕೇಳಿದ ಗಂಡಸು ಹುಡುಕಿದರೆ ಒಬ್ಬ ಸಿಕ್ಕ, ಅವನೂ ಕೇಳಿದ್ದು ತನ್ನ ಎತ್ತನ್ನು. ಮಹಾನುಭಾವರೇ, ಅಷ್ಟು ಚಂದದ ಕನ್ನಡ ಬರೆದಿರಲ್ಲ, ಒಂದು ಸಾಲು ದುಬಾರಿಯಾಯಿತೇ ನಿಮಗೆ? ಆ ದಿನ ಎರಡೂ ಬಗೆಯ ಪುಸ್ತಕಗಳ ಮೇಲೆ ಸಮಾನವಾಗಿ ಸಿಟ್ಟು ಬಂತು. ಹಳೆಯವರ ಮೇಲೆ ತುಸು ಹೆಚ್ಚು, ಯಾಕೆಂದರೆ ಅವರನ್ನು ನಾನು ಹೆಚ್ಚು ನಂಬಿದ್ದೆ.

ಕನ್ಯಾ ನೋಡುವ ದಿನ ಹುಡುಗಿ ನಾಲ್ಕು ಕಾದಂಬರಿಯ ಹೆಸರನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದಳು. ಹುಡುಗನ ತಂದೆಗೆ ಖುಷಿಯೋ ಖುಷಿ. ಅವಲಕ್ಕಿ ತಿನ್ನುತ್ತ, "ಈಗಿನ ಹುಡುಗ್ಯಾರು ಪ್ರೇಮ ಕಾದಂಬರಿ ಓದಿ ಕೆಟ್ಟಾರ್ರಿ. ತ್ಯಾಗ ಅಂದ್ರೇನಂತ ಗೊತ್ತಿಲ್ಲ," ಎಂದರು. ಹುಡುಗ ತಲೆಯಾಡಿಸಿದ. ಹುಡುಗಿ ಪಸಂದಾದಳು.

ಇನ್ನುಳಿದದ್ದು ನಾವು ಅವರ ಮನೆ ನೋಡಿಬರುವುದು. ಈ ಪದ್ಧತಿಯೂ ಚಂದ: ಆ ಮನೆಯಲ್ಲಿ ಬಾಳುವೆ ಮಾಡಬೇಕಾದವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಹೋಗಿ ನೋಡಿಬರುತ್ತಾರೆ. ಹೊರಡುವಾಗ ಅವಳು ನನ್ನ ಸೆರಗು ಹಿಡಿದು, "ಅತ್ತಿ, ನನ್ನ ಪರವಾಗಿ ನೀನ ನೋಡಿ ಬಾ. ಅಪ್ಪಗ ನೆಲದ ಫರ್ಶಿ, ಪಾರ್ಕಿಂಗ್ ಅಷ್ಟ ಕಾಣ್ತಾವು," ಎಂದಳು.

ಮನೆ ದೊಡ್ಡದು. ಗೋಡೆಯುದ್ದಕ್ಕೂ ಗಾಜಿನ ಕಪಾಟು, ತುಂಬ ನನಗೆ ಪ್ರಿಯವಾದ ಪುಸ್ತಕಗಳೇ. ಒಂದು ಕ್ಷಣ ಮನಸ್ಸು ಸೋತಿತು, ಸುಳ್ಳು ಹೇಳುವುದಿಲ್ಲ. ಮನೆಯ ಯಜಮಾನರು ಒಂದು ಹಳೆಯ ಕಾದಂಬರಿ ತೆಗೆದು ಓದಲು ಕೂತರು. ಸೊಸೆಯೊಬ್ಬಳು ಜ್ವರದಲ್ಲೇ ಪಂಕ್ತಿಗೆಲ್ಲ ಬಡಿಸಿ, ಕೊನೆಯವರ ಎಲೆಗೆ ತುಪ್ಪ ಹಾಕಿ, ಹೊಸ್ತಿಲಲ್ಲಿ ಕುಸಿದು ಪ್ರಾಣ ಬಿಡುವ ಭಾಗ. ಸೊಗಸಾಗಿ ಓದಿದರು. ಓದುತ್ತ ಕಣ್ಣೀರು ಬಂತು.

ಅಷ್ಟರಲ್ಲಿ ಅವರ ಹೆಂಡತಿ ಚಹದ ತಾಟು ಹಿಡಿದು ಬಂದರು. ಒಂದು ಮೊಣಕಾಲು ಬಾತು ದಪ್ಪಗಾಗಿತ್ತು, ಭುಜವನ್ನು ಗೋಡೆಗೆ ಆನಿಸಿಕೊಂಡು ನಡೆಯುತ್ತಿದ್ದರು. ಯಜಮಾನರು ಪುಸ್ತಕದಿಂದ ಕಣ್ಣೆತ್ತದೆ, ತಡಿ ಎಂದು ಕೈ ತೋರಿಸಿದರು. ಅವರು ನಿಂತರು. ಇವರು ಓದಿದರು. ಪಾನು ತಿರುವಿದರು, ಮತ್ತೆ ಅತ್ತರು. ತಾಟಿನಲ್ಲಿ ಕಪ್ಪುಗಳು ಗಡಗಡ ಅನ್ನತೊಡಗಿದವು. ಹುಡುಗ ತಾಯಿಯ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಅವನೂ ಕಣ್ಣೊರೆಸಿಕೊಳ್ಳುತ್ತಿದ್ದ.

ನಾನೆದ್ದು ತಾಟು ಇಸಿದುಕೊಂಡೆ.

"ನಡುವ ಎದ್ದ್ರಿ ನೋಡ್ರಿ, ರಸಭಂಗ ಆತು," ಎಂದರು ಯಜಮಾನರು, ಕಣ್ಣೀರಿನಲ್ಲೇ ನಗುತ್ತ.

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ನುಂಗಿಕೊಂಡು ಆ ಹೆಣ್ಣುಮಗಳ ಹಿಂದೆ ಅಡಿಗೆ ಮನೆಗೆ ಹೋದೆ. ಅವರೇ ಸಂಕೋಚಪಟ್ಟರು: "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ. ಓದೋ ಮುಂದ ನಡುಬರಕ ಹೋಗಬಾರದು. ಅವ್ರ ಮನಸ್ಸು ಭಾಳ ಮೆತ್ತಗ."

"ಕಾಲು ಯಾರಿಗರ ತೋರಿಸೀರೇನ್ರಿ?"

"ಇನ್ನೂ ಇಲ್ರಿ."

"ಮನ್ಯಾಗ ಏನಂತಾರು?"

ಅವರು ಒಲೆಯ ಕಡೆ ತಿರುಗಿದರು. "ಯಾರೂ ಕೇಳಿಲ್ರೀ," ಎಂದರು. ದೂರಿನ ದನಿಯಿರಲಿಲ್ಲ. ಹಾಲು ಬಂದಿಲ್ಲ ಎಂದು ಹೇಳುವ ಹಾಗೆ ಹೇಳಿದರು.

ತಿರುಗಿ ಬರುವಾಗ ಕಾರಿನಲ್ಲಿ ತಮ್ಮ ಹಾಡಿಹೊಗಳಿದ. ಎಂಥ ಮನಸ್ಸು, ಪುಸ್ತಕ ಓದಿ ಅಳುತ್ತಾರಲ್ಲ ಎಂದ. ನಾನು ಬಾಯಿ ಬಿಟ್ಟಿದ್ದರೆ ಕಾರು ಗಟಾರಕ್ಕೆ ಹೋಗುತ್ತಿತ್ತು. ತಮ್ಮನ ಮನೆಗೆ ಬಂದು ಹುಡುಗಿಯನ್ನು ಕೂಡಿಸಿಕೊಂಡು ನೋಡಿದ್ದೆಲ್ಲ ಹೇಳಿದೆ, ಒಂದೂ ಬಿಡದೆ. ಅವಳು ಕೇಳಿದ್ದು ಒಂದೇ. "ಹುಡುಗ ತಾಟಿಗೆ ಕೈ ಹಚ್ಚಲಿಲ್ಲೇನತ್ತಿ?"

"ಇಲ್ಲವಾ."

ಎದ್ದು ಅಪ್ಪನ ಹತ್ತಿರ ಹೋಗಿ ಬೇಡ ಎಂದಳು.

ಆಮೇಲಿನ ಗದ್ದಲ ಕೇಳಬೇಡಿ. "ಒಂದು ಚಹದ ಸಲುವಾಗಿ ಇಂಥಾ ಮನಿತನ ಬಿಡ್ತಾರೇನು? ಪುಸ್ತಕ ಕಲಿಸು ಅಂದ್ರ ಮನಿ ಮುರಿಯೋದು ಕಲಿಸಿದಿ," ಎಂದು ತಮ್ಮ ನನ್ನ ಮೇಲೆ ಹರಿಹಾಯ್ದ. ನಾನೂ ಬಿಡಲಿಲ್ಲ. ಹತ್ತಿ ತುಂಬಿದ ಅಂಡಿಗೆಯನ್ನಾದರೂ ಒಳಗೆ ಕೈಹಾಕಿ ನೋಡಿಯೇ ಖರೀದಿ ಮಾಡುತ್ತೀ, ಮಗಳನ್ನು ಕೊಡುವಾಗ ನಿನ್ನ ಕೈಗೇನಾಗಿದೆ ಎಂದೆ. ಅಂದಿನಿಂದ ಅವನು ನಮ್ಮ ಮನೆಗೆ ಬಂದಿಲ್ಲ. ಬರುತ್ತಾನೆ, ಎಲ್ಲಿ ಹೋಗುತ್ತಾನೆ. ಹುಡುಗಿ ಮಾತ್ರ ಪ್ರತಿ ರವಿವಾರ ಬರುತ್ತಾಳೆ. ಅವಳ ಹೊಲಸು ಕಾದಂಬರಿ ನಾನೂ ಓದುತ್ತೇನೆ, ಬಯ್ಯುತ್ತ ಓದುತ್ತೇನೆ.

ಮೊನ್ನೆ ಬಸ್ಸಿನಲ್ಲಿ ಆ ಸಂಬಂಧ ತಂದಿದ್ದ ಮಧ್ಯಸ್ಥರು ಸಿಕ್ಕರು. ಆ ಹುಡುಗನಿಗೆ ಬೇರೆ ಕಡೆ ಗಟ್ಟಿಯಾಗಿದೆಯಂತೆ. ಹುಡುಗಿಗೆ ಹಳೆಯ ಕಾದಂಬರಿಗಳ ಹುಚ್ಚು ಬಹಳವಂತೆ, ಮಾವ ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟಳಂತೆ. ಮನೆ ನೋಡಿಬಂದವರು ಯಾರು ಎಂದು ಕೇಳಿದೆ. ಅವಳ ಅಪ್ಪ, ಕಾಕಾ, ಸೋದರಮಾವ ಎಂದರು. ಆ ಹುಡುಗಿಯ ಫೋನ್ ನಂಬರು ಕೊಡ್ರಿ ಎಂದೆ. ಮಧ್ಯಸ್ಥರು ನನ್ನ ಮುಖ ನೋಡಿ, ಇಳಿಯುವ ಸ್ಟಾಪು ಇನ್ನೂ ದೂರವಿದ್ದರೂ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.