ಆರಿಹೋಗುತ್ತಿದ್ದ ಕಂಪ್ಯೂಟರೂ ನಮ್ಮ ಪುಕ್ಕಲಕ್ಕನೂ

ಆಸ್ಪತ್ರೆಯ ರಕ್ತನಿಧಿಯಲ್ಲಿ ನಾನು ರಕ್ತ ತೆಗೆಯುವವನು, ಅವಳು ಗುಮಾಸ್ತೆ. ಪುಕ್ಕಲಕ್ಕ ಎಂದು ಅವಳಿಗೆ ಹೆಸರಿಟ್ಟವನು ನಾನೇ. ಇಡದೆ ಏನು ಮಾಡಲಿ? ಲಿಫ್ಟಿಗೆ ಹೆದರಿ ದಿನಾ ಮೂರು ಮಹಡಿ ಹತ್ತಿಳಿಯುತ್ತಿದ್ದಳು. ಫೋನು ಬಡಿದುಕೊಂಡರೆ ಮೊದಲು ಎದೆ ಮುಟ್ಟಿಕೊಂಡು ಆಮೇಲೆ ರಿಸೀವರು ಮುಟ್ಟುತ್ತಿದ್ದಳು. ದೊಡ್ಡ ಡಾಕ್ಟರು ಕಾರಿಡಾರಿನ ಆ ತುದಿಯಲ್ಲಿ ಕೆಮ್ಮಿದರೆ ಇವಳು ಈ ತುದಿಯಲ್ಲಿ ಕುರ್ಚಿ ಬಿಟ್ಟು ಎದ್ದು ನಿಲ್ಲುವಳು. ಒಮ್ಮೆ ಆಸ್ಪತ್ರೆಯ ಪೆನ್ಸಿಲೊಂದು ಕಳೆದುಹೋದಾಗ, ಯಾರೂ ಕೇಳದಿದ್ದರೂ, ಅವರ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದಳು.

"ಸುಳ್ಳು ಹೇಳಿದ್ರೆ ನನ್ನ ಮುಖದಲ್ಲೇ ಗೊತ್ತಾಗಿಬಿಡುತ್ತೆ ಕಣೋ. ಹೇಳಿಬಿಟ್ರೆ ರಾತ್ರಿ ನಿದ್ದೆ ಆದ್ರೂ ಬರುತ್ತೆ" ಎನ್ನುತ್ತಿದ್ದಳು.

ಇಪ್ಪತ್ತೆರಡು ವರ್ಷ ರಕ್ತ ಕೊಡುವವರ ಹೆಸರುಗಳನ್ನು ದಪ್ಪ ರಿಜಿಸ್ಟರಿನಲ್ಲಿ ಬರೆದವಳು. ಒಂದೊಂದು ಗುಂಪಿಗೆ ಒಂದೊಂದು ಬಣ್ಣದ ಗೆರೆ. ಕಂಪ್ಯೂಟರು ಬಂದ ವರ್ಷ ಅವೆಲ್ಲವೂ ಅದರ ಹೊಟ್ಟೆಗೆ ಹೋದವು. ರಿಜಿಸ್ಟರುಗಳನ್ನು ಗೋಣಿಚೀಲಕ್ಕೆ ತುಂಬಿ ರದ್ದಿಗೆ ಕಳಿಸಿದವನೂ ನಾನೇ. "ಒಂದಾದ್ರೂ ಇಟ್ಕೊಳ್ಳೋಣವೋ" ಎಂದು ಅವಳು ಚೀಲದ ಹಿಂದೆಯೇ ಮೆಟ್ಟಿಲಿಳಿದು ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾನು ನಕ್ಕಿದ್ದೆ.

ನಗುವುದಕ್ಕೆ ದಿನಾ ಒಂದು ಕಾರಣ ಸಿಗುತ್ತಿತ್ತು. ನನ್ನ ಮೇಜು ಸಿಂಕಿನ ಪಕ್ಕದಲ್ಲಿದ್ದು ಸದಾ ಒದ್ದೆ. ಹಾಗಾಗಿ ಬೆಳಿಗ್ಗೆ ಹತ್ತಿಯ ಸುರುಳಿ ಹರಿದು ಉಂಡೆ ಮಾಡಲು ಅವಳ ಮೇಜಿಗೇ ಹೋಗುತ್ತಿದ್ದೆ. ಕಂಪ್ಯೂಟರಿನ ಡಬ್ಬ ಅದೇ ಮೇಜಿನ ಕೆಳಗೆ ನೆಲದ ಮೇಲಿತ್ತು.

"ಇಲ್ಲಿ ಹರೀಬೇಡ್ವೋ, ನಾರು ಹಾರುತ್ತೆ. ಅದಕ್ಕೇನಾದ್ರೂ ಆದ್ರೆ?"

"ಅದಕ್ಕೇನು ನೆಗಡಿ ಬರುತ್ತಾ ಅಕ್ಕಾ?" ಎನ್ನುತ್ತಿದ್ದೆ.

ಆ ವಾರ ಕಂಪ್ಯೂಟರು ತಾನಾಗಿ ಆರಿಹೋಗತೊಡಗಿತು. ಸೋಮವಾರ ಒಮ್ಮೆ, ಮಂಗಳವಾರ ಮೂರು ಸಲ. ರಿಪೇರಿಯವನಿಗೆ ಹೇಳಿಕಳಿಸಿದ್ದೆವು, ಶುಕ್ರವಾರ ಬರುತ್ತೇನೆಂದಿದ್ದ. ಪುಕ್ಕಲಕ್ಕ ಮಾತ್ರ ಚೀಟಿಯೊಂದರಲ್ಲಿ ಏನೇನೋ ಗೀಚಿಕೊಳ್ಳುತ್ತಿದ್ದಳು.

ಗುರುವಾರ ಹನ್ನೊಂದು ಗಂಟೆಗೆ ಹೆರಿಗೆ ವಾರ್ಡಿನಿಂದ ಚೀಟಿ ಬಂತು. ಓ ನೆಗೆಟಿವ್, ತುರ್ತು. ಮಗು ಹುಟ್ಟಿತ್ತು, ತಾಯಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಫ್ರಿಜ್ಜಿನಲ್ಲಿ ಆ ಗುಂಪಿನ ಚೀಲ ಒಂದೇ ಇತ್ತು, ಕೊಟ್ಟು ಕಳಿಸಿದೆವು. ಇನ್ನೊಂದು ಒಂದು ಗಂಟೆಯೊಳಗೆ ಬೇಕೆಂದು ದೊಡ್ಡ ಡಾಕ್ಟರೇ ಫೋನು ಮಾಡಿದರು. ಆ ಹೆಂಗಸಿನ ಅಮ್ಮ ಬಂದು ನಮ್ಮ ಕಿಟಕಿಯ ಹೊರಗೆ ನಿಂತಳು. ಏನೂ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಮೊಬೈಲು ಇನ್ನೂ ಎಲ್ಲರ ಜೇಬಿಗೆ ಬಂದಿರದ ಕಾಲ ಅದು. ಕಂಪ್ಯೂಟರಿನಲ್ಲಿ ಓ ನೆಗೆಟಿವ್ ಇದ್ದವರು ಮೂವರೇ. ಮೊದಲನೆಯವರ ಮನೆಯಲ್ಲಿ ಫೋನು ಎತ್ತಲಿಲ್ಲ. ಎರಡನೆಯವರು ಹೋದ ತಿಂಗಳಷ್ಟೇ ಕೊಟ್ಟಿದ್ದರು, ಇಷ್ಟು ಬೇಗ ಮತ್ತೆ ಕೊಡುವಂತಿರಲಿಲ್ಲ. ಮೂರನೆಯವನ ನಂಬರನ್ನು ಪುಕ್ಕಲಕ್ಕ ಓದಿದಳು, ನಾನು ಬರೆದುಕೊಂಡೆ. ಆರಂಕಿಯಲ್ಲಿ ನಾಲ್ಕು ಮುಗಿದಿತ್ತು, ಪರದೆ ಕಪ್ಪಾಯಿತು.

ಬಟನ್ ಒತ್ತಿದೆ. ಹೆಸರುಗಳು ಬರುವ ಮೊದಲೇ ಆರಿತು. ಮತ್ತೆ ಒತ್ತಿದೆ, ಇನ್ನೂ ಬೇಗ ಆರಿತು. ಪ್ಲಗ್ಗು ಕಿತ್ತು ಬೇರೆ ಸಾಕೆಟ್ಟಿಗೆ ಚುಚ್ಚಿದೆ, ಡಬ್ಬಕ್ಕೆ ಒಂದು ಗುದ್ದು ಕೊಟ್ಟೆ, ಮತ್ತೆ ಒತ್ತಿದೆ.

"ಒತ್ತಬೇಡ!" ಎಂದು ಪುಕ್ಕಲಕ್ಕ ಕಿರುಚಿದಳು. ಅವಳು ಕಿರುಚಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ವಾರವೆಲ್ಲ ಗೀಚಿಕೊಂಡಿದ್ದ ತನ್ನ ಚೀಟಿಯನ್ನು ನನ್ನ ಮುಖಕ್ಕೆ ಹಿಡಿದಳು. "ನೋಡು. ಬೆಳಿಗ್ಗೆ ತಣ್ಣಗಿದ್ದಾಗ ನಲವತ್ತು ನಿಮಿಷ ನಡೆಯುತ್ತೆ. ತಕ್ಷಣ ಹಚ್ಚಿದ್ರೆ ಒಂಬತ್ತು. ಮತ್ತೆ ಹಚ್ಚಿದ್ರೆ ಎರಡು. ಊಟದ ಹೊತ್ತು ಸುಮ್ನೆ ಬಿಟ್ರೆ ಮತ್ತೆ ನಲವತ್ತು. ಕರೆಂಟಿಂದಲ್ಲವೋ ಇದು. ಕಾವಿಂದ."

ಡಬ್ಬದ ಬೆನ್ನಿಗೆ ಕೈಯಿಟ್ಟೆ. ಕಾದ ಇಸ್ತ್ರಿಪೆಟ್ಟಿಗೆಯ ಹಾಗಿತ್ತು.

"ತಣ್ಣಗಾಗೋವರೆಗೆ ಸುಮ್ನೆ ಕೂತಿರೋದಾ? ಅಲ್ಲಿ ಅವಳು..."

"ಅಂಕಿ ಎರಡೇ ತಾನೇ ಬೇಕಾಗಿರೋದು? ನೀನು ಇದನ್ನ ಬಿಚ್ಚು, ನಾನು ಸೊನ್ನೆ ಸೊನ್ನೆಯಿಂದ ಶುರು ಮಾಡ್ತೀನಿ."

ಫೋನು ಬಡಿದುಕೊಂಡರೆ ಬೆಚ್ಚುವವಳು ಒಂದಾದ ಮೇಲೊಂದು ನಂಬರು ತಿರುಗಿಸತೊಡಗಿದಳು. "ನಮಸ್ಕಾರ, ರಕ್ತ ಕೊಡೋರು ಅಲ್ವಾ? ಅಲ್ವಾ? ಕ್ಷಮಿಸಿ." ಯಾರೋ ಬೈದರು. ಇನ್ಯಾರೋ ಸುಮ್ಮನೆ ಇಟ್ಟುಬಿಟ್ಟರು. ನಾನು ನಾಣ್ಯದಿಂದ ಸ್ಕ್ರೂ ತಿರುಗಿಸುತ್ತಿದ್ದೆ, ಬೆರಳು ಜಾರುತ್ತಿತ್ತು. ತಲೆಯೆತ್ತಿದರೆ ಕಿಟಕಿಯಲ್ಲಿ ಆ ಅಮ್ಮ. ಇವಳ ಮಗಳು ಸತ್ತರೆ ಎಂಬ ಮಾತು ಮನಸ್ಸಿಗೆ ಬಂದದ್ದೇ ತಡ, ತಲೆ ತಗ್ಗಿಸಿ ಮುಂದಿನ ಸ್ಕ್ರೂಗೆ ಕೈಹಾಕಿದೆ.

ಮುಚ್ಚಳ ಬಿಚ್ಚಿತು. ಒಳಗಿನ ಫ್ಯಾನು ತಿರುಗುವ ಜಾಗದಲ್ಲಿ ಫ್ಯಾನೇ ಕಾಣಲಿಲ್ಲ. ಒಂದು ಬೂದು ಬಣ್ಣದ ಮೆತ್ತೆ ಇತ್ತು, ಅಂಗೈಯಗಲ. ಇಕ್ಕಳದಿಂದ ಎಳೆದೆ, ಇಡಿಯಾಗಿ ಬಂತು. ಹೊರಗೆ ಧೂಳು, ಒಳಗೆ ಬೆಳ್ಳಗೆ. ಹತ್ತಿ. ಎರಡು ವರ್ಷ ದಿನಾ ಬೆಳಿಗ್ಗೆ ನಾನು ಹರಿದ ಹತ್ತಿ.

ಪುಕ್ಕಲಕ್ಕ ರಿಸೀವರು ಹಿಡಿದೇ ನೋಡಿದಳು. ನಾನೂ ಅವಳನ್ನು ನೋಡಿದೆ. ಅವಳು ಮೆತ್ತೆಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಟೇಬಲ್ ಫ್ಯಾನ್ ತಂದಿಡು, ಬೇಗ" ಎಂದಳು.

ಬಿಚ್ಚಿದ ಹೊಟ್ಟೆಗೆ ಟೇಬಲ್ ಫ್ಯಾನು ತಿರುಗಿಸಿ ನಾನು ಗಡಿಯಾರ ನೋಡುತ್ತ ಕೂತೆ, ಅವಳು ನಂಬರು ತಿರುಗಿಸುತ್ತಲೇ ಇದ್ದಳು. ಹತ್ತು ನಿಮಿಷ ಅವಳು ಬಟನ್ ಮುಟ್ಟಲು ಬಿಡಲಿಲ್ಲ. ನನ್ನ ಬದುಕಿನ ಅತಿ ಉದ್ದದ ಹತ್ತು ನಿಮಿಷ ಅದೇ. ಅಷ್ಟರಲ್ಲಿ ಅವಳು ಮೂವತ್ತೊಂದಕ್ಕೆ ಬಂದಿದ್ದಳು. ಬಟನ್ ಒತ್ತಿದಾಗ ಪರದೆ ಬೆಳಗಿತು, ಒಳಗಿನ ಫ್ಯಾನು ಗುಯ್ಯೆಂದಿತು, ಮೂರು ಹೆಸರುಗಳೂ ಬಂದವು. ಕೊನೆಯ ಎರಡಂಕಿ ಎಂಬತ್ತಾರು.

ಕನ್ನಡಿ ಅಂಗಡಿಯವನೊಬ್ಬ ಫೋನೆತ್ತಿದ. ಗಾಜು ಕೊಯ್ಯುವ ಕೈಗವಸಿನಲ್ಲೇ ಸೈಕಲ್ಲು ತುಳಿದುಕೊಂಡು ಬಂದ. ಸೂಜಿ ಚುಚ್ಚುವಾಗ ನನ್ನ ಕೈ ನಡುಗುವುದನ್ನು ನೋಡಿ "ಯಾಕ್ ಸಾರ್, ಹೊಸಬರಾ?" ಎಂದ.

ಮೂರು ಗಂಟೆಗೆ ರಕ್ತಸ್ರಾವ ನಿಂತ ಸುದ್ದಿ ಬಂತು. ಕಿಟಕಿಯ ಹೊರಗಿದ್ದ ಅಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು. ನಾನು ಅಳಲಿಲ್ಲ. ನನ್ನ ಭಯ ಇನ್ನೂ ಮುಗಿದಿರಲಿಲ್ಲ, ಕಾರಿಡಾರಿನಲ್ಲಿ ಕೆಮ್ಮು ಕೇಳಿಸುತ್ತಿತ್ತು.

ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು ಬಿಚ್ಚಿದ ಡಬ್ಬ ನೋಡಿದರು. "ಇನ್ನೊಂದು ಹತ್ತು ನಿಮಿಷ ತಡ ಆಗಿದ್ರೆ ಆಕೆ ಉಳೀತಿರಲಿಲ್ಲ. ಏನಾಗಿತ್ತು ಇದಕ್ಕೆ? ಯಾರ ತಪ್ಪು?"

ಪುಕ್ಕಲಕ್ಕ ಎದ್ದು ನಿಂತಿದ್ದಳು. ಪೆನ್ಸಿಲು ಕಳೆದದ್ದನ್ನೂ ಒಪ್ಪಿಕೊಂಡವಳು. ಈಗ ಹೇಳಿಬಿಡುತ್ತಾಳೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ನಾನೇ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

"ಹಳೇ ಮಿಷನ್ನು ಸಾರ್" ಎಂದಳು ಅವಳು. "ಬಿಸಿಯಾಗಿತ್ತು. ಯಾರದ್ದೂ ತಪ್ಪಿಲ್ಲ."

ಡಾಕ್ಟರು ಅವಳ ಮುಖವನ್ನೇ ನೋಡಿದರು. ಆ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ತಲೆಯಾಡಿಸಿ ಹೊರಟುಹೋದರು.

ಅವಳ ಬಲಗೈ ಬೆನ್ನ ಹಿಂದಿತ್ತು. ಮುಷ್ಟಿ ಬಿಗಿಯಾಗಿತ್ತು, ಬೆರಳುಗಳ ಸಂದಿಯಿಂದ ಹತ್ತಿಯ ಎಳೆಗಳು ಹೊರಗೆ ಬಂದಿದ್ದವು.