ಮೊಮ್ಮಗಳ ಚೆಂಡಿಗೆ ಹೊಳಪು ಕೊಟ್ಟದ್ದು

ನಮ್ಮ ಮೊಮ್ಮಗಳು ಗೆದ್ದಳು! ಹೈದರಾಬಾದಿನ ಬೌಲಿಂಗ್ ಪಂದ್ಯದಲ್ಲಿ ನಿನ್ನೆ ಶಿವಲೀಲಾ ಎಲ್ಲರಿಗಿಂತ ಮುಂದೆ ಬಂದಳು. ಬೆಳಿಗ್ಗೆ ಯಾದಗಿರಿ ಸ್ಟೇಶನ್ನಿನಲ್ಲಿ ಇಳಿದವನು ಬಸ್ಸಿನ ಕಂಡಕ್ಟರನಿಗೂ ಹೇಳಿದೆ. 'ಕ್ರಿಕೆಟ್ಟಿನ್ಯಾಗೇನ್ರಿ ಯಜಮಾನ್ರ?' ಅಂದ. ಅಲ್ಲಪ್ಪಾ ಅಂತ ತಿಳಿಸಿ ಹೇಳುವಷ್ಟರಲ್ಲಿ ಶಹಾಪುರವೇ ಬಂತು.

ನಿಮಗಾದರೂ ಪೂರ್ತಿ ಹೇಳುತ್ತೇನೆ. ಉದ್ದನೆಯ ಮರದ ನೆಲ, ಅದರ ಮೇಲೆ ತೆಳುವಾಗಿ ಎಣ್ಣೆ, ಆ ತುದಿಯಲ್ಲಿ ಹತ್ತು ಪಿನ್ನು. ಕುಂಬಳಕಾಯಿಯಷ್ಟು ಭಾರದ ಚೆಂಡು ಎಣ್ಣೆಯ ಮೇಲೆ ಜಾರುತ್ತ ಹೋಗಿ, ಕೊನೆಗೆ ಬಾಗಿ ಪಿನ್ನುಗಳ ನಡುವೆ ನುಗ್ಗಬೇಕು. ಎಲ್ಲಿ ಬಾಗಬೇಕೆಂಬುದು ಚೆಂಡಿನ ಮೈಯಲ್ಲಿದೆ. ನುಣುಪಾದರೆ ಜಾರಿಕೊಂಡೇ ಹೋಗುತ್ತದೆ, ಒರಟಾದರೆ ಬೇಗ ನೆಲ ಹಿಡಿದು ಬೇಗ ತಿರುಗುತ್ತದೆ. ಅದಕ್ಕೇ ಆಡುವವರು ಚೆಂಡನ್ನು ಉಜ್ಜುವ ಕಾಗದದಿಂದ ಬೇಕಾದಷ್ಟೇ ತಿಕ್ಕಿ ಹದ ಮಾಡುತ್ತಾರೆ. ಮೂರನೇ ಕ್ಲಾಸು ಓದಿದ ನನಗೆ ಇಷ್ಟು ತಿಳಿದದ್ದು ತಪ್ಪು ಮಾಡಿದ ಮೇಲೆ.

ಶಿವಲೀಲಾ ಹೈದರಾಬಾದಿನಲ್ಲಿ ನರ್ಸಿಂಗ್ ಓದುತ್ತಾಳೆ, ಆಟ ಕಲಿತದ್ದೂ ಅಲ್ಲೇ. ಈ ಸಲ ಗೆದ್ದರೆ ರಾಜ್ಯದ ತಂಡಕ್ಕೆ, ಸೋತರೆ ಆಟ ಬಿಟ್ಟು ಓದಿಗಷ್ಟೇ ಎಂದು ಅವಳಪ್ಪ, ಅಂದರೆ ನನ್ನ ಮಗ, ಷರತ್ತು ಹಾಕಿದ್ದ. ಹೋದ ವಾರ ಊರಿಗೆ ಬಂದವಳು ಚೀಲ ಮನೆಯಲ್ಲಿಟ್ಟು ಸುರಪುರದ ಸೋದರತ್ತೆಯ ಮನೆಗೆ ಹೋದಳು. ನಾನು ಚೀಲ ಬಿಚ್ಚಿದೆ. ಚೆಂಡು ಬೂದಿ ಬಳಿದಂತೆ ಮಂಕಾಗಿತ್ತು. ಪಾಪ, ಕೂಸಿಗೆ ಒರೆಸಲು ಪುರಸೊತ್ತಿಲ್ಲ ಅನ್ನಿಸಿತು. ನಮ್ಮ ಕೆಂಪು ಗಾರೆ ನೆಲಕ್ಕೆ ಹಚ್ಚಿ ಉಳಿದ ಮೇಣ ತಂದು, ಮಧ್ಯಾಹ್ನವೆಲ್ಲ ಉಜ್ಜಿದೆ. ಅದರಲ್ಲೇ ಮುಖ ನೋಡಿಕೊಂಡು ಮೀಸೆ ಸರಿಮಾಡಿಕೊಂಡೆ.

ಮರುದಿನ ಬಂದವಳು ಚೆಂಡು ನೋಡಿ ಕಟ್ಟೆಯ ಮೇಲೆ ಕುಸಿದಳು.

'ಮುತ್ಯಾ, ಇದಕ ಏನ್ ಮಾಡೀದಿ?'

'ಹೊಲಸಾಗಿತ್ತವ್ವಾ. ಹೊಳಪು ಕೊಟ್ಟೀನಿ.'

'ಹೊಲಸಲ್ಲೋ ಮುತ್ಯಾ! ನಾನೇ ನಾಕ್ ದಿನ ತಿಕ್ಕಿದ್ನಲ್ಲಾ!'

ಒಳಗಿನಿಂದ ನನ್ನ ಹೆಂಡತಿ, 'ಈ ಗೌಂಡಿಗೆ ಏನ್ ಕೊಟ್ರೂ ಗೋಡಿನೇ ನೋಡವ್ವಾ' ಅಂದಳು.

ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಕಾಲುವೆ ಬಂದ ಹೊಸದರಲ್ಲಿ ಅದರ ಒಳಮೈಗೆ ಸಿಮೆಂಟು ಬಳಿದು ಗಿಲಾಯ ಮಾಡಿದ ಗೌಂಡಿ ನಾನು. ನೀರು ಓಡಬೇಕಾದರೆ ನುಣುಪು ಬೇಕು ಅಂದರು, ಕನ್ನಡಿ ಮಾಡಿಕೊಟ್ಟೆ. ಬಟ್ಟೆ ಒಗೆಯುವವರು ಇಳಿಯುವ ಮೆಟ್ಟಿಲಿಗೆ ಗೆರೆ ಎಳೆದು ಒರಟು ಮಾಡು ಅಂದಿದ್ದರು, ಹುಮ್ಮಸ್ಸಿನಲ್ಲಿ ಅದನ್ನೂ ಕನ್ನಡಿ ಮಾಡಿದೆ. ಮೊದಲು ಜಾರಿ ನೀರಿಗೆ ಬಿದ್ದವನೂ ನಾನೇ. ಇಷ್ಟಾದರೂ ನುಣುಪೆಂದರೆ ಒಳ್ಳೆಯದು ಎಂಬ ನಂಬಿಕೆ ನನ್ನ ಕೈ ಬಿಟ್ಟಿರಲಿಲ್ಲ.

'ಕೆಡಿಸಿದಂವ ನಾನು, ನೆಟ್ಟಗ ಮಾಡಂವನೂ ನಾನೇ' ಎಂದು ಪಟ್ಟು ಹಿಡಿದು ಕುಳಿತೆ. ಬಿಸಿನೀರು, ಸೋಪಿನಿಂದ ಮೇಣ ಬಿಡಿಸಿದೆವು. ಆಮೇಲೆ ಕಾಗದ ಹಿಡಿದು ತಿಕ್ಕತೊಡಗಿದೆವು. ಒಂದು ಕಡೆ ಎಷ್ಟು ಸುತ್ತೋ ಉಳಿದ ಕಡೆಗೂ ಅಷ್ಟೇ ಸುತ್ತು, ಕೈಭಾರವೂ ಒಂದೇ ಸಮ. ಗೌಂಡಿಯ ಕೈ ಇಲ್ಲಿ ಉಪಯೋಗಕ್ಕೆ ಬಂತು. ಎರಡು ದಿನಕ್ಕೆ ಚೆಂಡು ಮತ್ತೆ ಮಂಕಾಯಿತು, ನನ್ನ ಬೆರಳಿನ ತುದಿಗಳು ನುಣುಪಾದವು.

ಮಗ, ಮೊಮ್ಮಗಳು, ನಾನು ಮೂವರೂ ಹೈದರಾಬಾದಿಗೆ ಹೋದೆವು. ಪಂದ್ಯದ ಹಿಂದಿನ ದಿನ ಆಡಿ ನೋಡಿದರೆ ಚೆಂಡು ಅರ್ಧ ದಾರಿಯಲ್ಲೇ ತಿರುಗಿ ಅಂಚಿನ ಎರಡು ಪಿನ್ನು ಬೀಳಿಸಿತು. ಮತ್ತೆ ಕೆಡಿಸಿದೆ ಅಂದುಕೊಂಡೆ. ಅವಳು ಮಾತ್ರ ನಯದ ಕಾಗದ ತೆಗೆದು, 'ಹೆಚ್ಚು ಒರಟಾಗ್ಯಾದ. ಜರಾ ನಯ ಮಾಡು ಮುತ್ಯಾ. ಜರಾ ಅಂದ್ರ ಜರಾ!' ಅಂದಳು. ಉಜ್ಜಿದೆ, ಎಸೆದಳು. ಆದರೂ ತುಸು ಬೇಗವೇ ತಿರುಗಿತು. ಮತ್ತೆ ಉಜ್ಜಿದೆ. ಮೂರನೆಯ ಸಲ ಹದ ಸಿಕ್ಕಿತು.

ನಿನ್ನೆ ಕೊನೆಯ ಎಸೆತದಲ್ಲಿ ಚೆಂಡು ಸರ್ರನೆ ಹೋಗಿ, ಇನ್ನೇನು ತಪ್ಪಿತು ಅನ್ನುವಾಗ ಬಾಗಿ ನುಗ್ಗಿತು. ಹತ್ತೂ ಬಿದ್ದವು. ಎಲ್ಲರಿಗಿಂತ ಮೊದಲು ಎದ್ದು ಕೂಗಿದವನು ಷರತ್ತು ಹಾಕಿದ ನನ್ನ ಮಗ.

ಈಗ ಸಂಜೆ ಮನೆಮಂದಿಯೆಲ್ಲ ಸಾಲಾಗಿ ಕುಳಿತು ಹೋಳಿಗೆ ಉಣ್ಣುತ್ತಿದ್ದೇವೆ. ತುಪ್ಪ ಬಡಿಸುವುದು ನನ್ನ ಪಾಲು. ಇಷ್ಟು ವರ್ಷ ಯಾರನ್ನೂ ಕೇಳದೆ ಸುರಿದವನು, ಇವತ್ತು ಮೊಮ್ಮಗಳ ತಾಟಿನ ಮುಂದೆ ಬಗ್ಗಿ, 'ತುಪ್ಪ ಹಾಕ್ಲೇನವ್ವಾ?' ಅಂದೆ.

'ಇದಕ್ಕೂ ಕೇಳ್ತಾರೇನ್ ಮುತ್ಯಾ? ಸುರೀ!'