ತಡವಾದ ಬೋಟುಗಳ ಸಾಲು

ಕಂಪ್ಯೂಟರ್ ಕೆಲಸ ಬರುತ್ತದೆಂದು ಆಗ ನನಗೆ ಕೊಂಬು ಮೂಡಿತ್ತು. ಗಂಗೊಳ್ಳಿ ಬಂದರಿನಲ್ಲಿ ಏಳೆಂಟು ಬೋಟ್ ಮಾಲೀಕರು ಸೇರಿ ನಡೆಸುತ್ತಿದ್ದ ಕಚೇರಿಯಲ್ಲಿ ನಾನು ಗುಮಾಸ್ತ. ಅಕ್ಕನ ಗಂಡ, ನನ್ನ ಭಾವ, ಅದರಲ್ಲೊಂದು ಬೋಟಿಗೆ ಹೋಗುತ್ತಿದ್ದರು.

ಬೋಟುಗಳು ಹೊರಟ ದಿನ, ಬರಬೇಕಾದ ದಿನ ಕಾಣುವಂತೆ ನಾನೊಂದು ನಕ್ಷೆ ಮಾಡಿದ್ದೆ. ಮೇಲೆ ತಾರೀಕುಗಳು, ಬೋಟಿಗೊಂದು ಬಣ್ಣದ ಪಟ್ಟಿ. ಮೂರು ಭಾಗ: ತಡವಾದವು, ನೀರಿನಲ್ಲಿರುವವು, ಬಂದವು. ಕಂಪ್ಯೂಟರ್ ತಾನಾಗಿಯೇ ಅಕ್ಷರದ ಕ್ರಮ ಹಿಡಿದು ತಡವಾದವನ್ನು ಮೇಲಿಟ್ಟಿತ್ತು. ವೈರ್‌ಲೆಸ್ ನೋಡಿಕೊಳ್ಳುವವರು ಬೆಳಿಗ್ಗೆ ಬಂದು, ಮೇಲಿದ್ದ ಆ ಬೋಟುಗಳನ್ನು ಕೂಗಿ ಕರೆಯುತ್ತಿದ್ದರು. ಉತ್ತರ ಬಾರದಿದ್ದರೆ ಹತ್ತಿರದ ಬೋಟುಗಳಿಗೆ ಹುಡುಕಲು ಹೇಳುತ್ತಿದ್ದರು.

ಹಿರಿಯ ಮಾಲೀಕರೊಬ್ಬರಿಗೆ ಇದು ಹಿಡಿಸಲಿಲ್ಲ. "ಬೆಳಿಗ್ಗೆ ಬಾಗ್ಲ್ ತೆಗ್ದ್ ಕೂಡ್ಲೆ ಇದನ್ನೇ ಕಾಣ್ಕಾ? ಬಂದದ್ದನ್ನ್ ಮೇಲ್ ಹಾಕ್ ಮಾರಾಯ" ಎಂದರು.

ಎರಡು ಸಂಜೆ ತಲೆ ಕೆರೆದುಕೊಂಡು ನಾಲ್ಕು ಸಾಲು ಕೋಡ್ ಬರೆದೆ. ಬಂದವಕ್ಕೆ ಒಂದು, ನೀರಿನಲ್ಲಿರುವವಕ್ಕೆ ಎರಡು, ತಡವಾದವಕ್ಕೆ ಮೂರು ಎಂದು ನಂಬರು ಕೊಟ್ಟೆ. ಎಲ್ಲರೂ ಭೇಷ್ ಎಂದರು, ನಾನು ಉಬ್ಬಿಹೋದೆ. ಪರದೆ ಚಿಕ್ಕದು, ಕೊನೆಯ ಭಾಗ ಕೆಳಗೆ ಮರೆಯಾಗುತ್ತಿತ್ತು. ಎಳೆದರೆ ಕಾಣುತ್ತದಲ್ಲ ಎಂದು ಸುಮ್ಮನಾದೆ. ವೈರ್‌ಲೆಸ್‌ನವರಿಗೆ ಅದನ್ನು ಹೇಳಬೇಕೆಂಬ ಬುದ್ಧಿ ಈ ಬುದ್ಧಿವಂತನಿಗೆ ಬರಲಿಲ್ಲ.

ಮರುದಿನವೇ ಕೊಕ್ಕರ್ಣೆಗೆ ಮದುವೆಗೆಂದು ಹೋದೆ. ಎರಡು ದಿನ ಗಾಳಿಮಳೆ. ಮೂರನೆಯ ದಿನ ಮಧ್ಯಾಹ್ನ ಕಚೇರಿಗೆ ಬಂದು ನಕ್ಷೆಯನ್ನು ಕೆಳಗೆ ಎಳೆದರೆ, ತಡವಾದವುಗಳಲ್ಲಿ ಭಾವನ ಬೋಟು. ಪಟ್ಟಿ ಬರಬೇಕಾದ ದಿನ ದಾಟಿ ಎರಡು ದಿನ ಮುಂದೆ ಹೋಗಿತ್ತು. ವೈರ್‌ಲೆಸ್‌ನವರನ್ನು ಕೇಳಿದೆ. ತಡವಾದದ್ದು ಯಾವುದೂ ಇಲ್ಲವಲ್ಲ ಎಂದರು.

ಕೂಡಲೇ ಹತ್ತಿರದ ಬೋಟುಗಳಿಗೆ ಸುದ್ದಿ ಕೊಟ್ಟು ಹುಡುಕಿಸಿದೆವು. ಮರುದಿನ ಬೆಳಿಗ್ಗೆ ಮಗುಚಿದ ಬೋಟು ಸಿಕ್ಕಿತು. ಅದನ್ನು ಹಿಡಿದುಕೊಂಡು ಇಬ್ಬರು ಜೀವಂತ ಇದ್ದರು. ದಡಕ್ಕೆ ಬಂದವರಲ್ಲಿ ಒಬ್ಬ ನನ್ನನ್ನು ನೋಡಿ ಹೇಳಿದ: "ನಿನ್ನೆ ಸಂಜಿ ತನ್ಕ ನಿಮ್ ಭಾವ ನಮ್ಮೊಟ್ಟಿಗೇ ಹಿಡ್ಕಂಡಿದ್ರ್."

ಭಾವನ ದೇಹ ಸಿಗಲಿಲ್ಲ. ಅಂದೇ ನಾನು ಆ ನಾಲ್ಕು ಸಾಲು ಅಳಿಸಿದೆ. ತಡವಾದವು ಮತ್ತೆ ಮೇಲೆ ಬಂದವು. ಹಿರಿಯ ಮಾಲೀಕರು ನೋಡಿದರು, ಹೊರಗೆ ಹೋದರು. ಆ ಸಾಲುಗಳ ವಿಷಯ ನಾನು ಯಾರಿಗೂ ಹೇಳಲಿಲ್ಲ, ಹೇಡಿ.

ಅಕ್ಕ ಇವತ್ತಿಗೂ ಮನೆಗೆ ಬಂದವರ ಮುಂದೆ ನನ್ನ ಬೆನ್ನು ಸವರುತ್ತಾಳೆ. "ಆ ಇಬ್ರ್ ಉಳ್ದದ್ದ್ ನನ್ ತಮ್ಮ ಕಂಪ್ಯೂಟ್ರಲ್ ಕಂಡದ್ದಕ್ಕೆ" ಎನ್ನುತ್ತಾಳೆ. ನಾನು ತಲೆ ತಗ್ಗಿಸಿ ಚಾ ಕುಡಿಯುತ್ತೇನೆ.